ಕ್ಯಾಪ್ಟನ್ನರ ಉದ್ದ ಕೋಟು

"ಸತ್ತವರ ಮುಖ ನೋಡೋಕೆ ಬಂದವಳು ಮುಖ ನೋಡ್ಬೇಕು ತಾನೆ? ಬಂದಾಗಿಂದ ಆ ಪದಕಾನೇ ನುಂಗೋ ಹಾಗೆ ನೋಡ್ತಾ ಕೂತಿದಾಳೆ," ಎಂದರು ಸೋದರತ್ತೆ, ತುಟಿ ಹೆಚ್ಚು ಅಲ್ಲಾಡಿಸದೆ.

"ಯಾರು?"

"ತಿರುಗಬೇಡ. ಕೊನೇ ಕುರ್ಚಿ. ಬೂದು ಶಾಲು."

ಪುಟ್ಟಿ ತಿರುಗಲಿಲ್ಲ. ಅವಳು ಶವಪೆಟ್ಟಿಗೆಯ ಮೇಲೆ ಬಾಗಿ, ಅಪ್ಪನ ಕೋಟಿನ ಅಂಚನ್ನು ಬೆನ್ನಿನಡಿಗೆ ಸಿಕ್ಕಿಸುತ್ತಿದ್ದಳು. ವಯಸ್ಸು ಐವತ್ತು ದಾಟಿ, ಮೂಗಿನ ಮೇಲೆ ಕನ್ನಡಕ ಬಂದು, ಅಂಗಡಿಯ ಯಜಮಾನಿಕೆಯೂ ಕೈಗೆ ಬಂದಿದ್ದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿಯಾಗಿಯೇ ಉಳಿದಿದ್ದಳು. ಬೆಳಗ್ಗೆ ಅಪ್ಪನಿಗೆ ಸಮವಸ್ತ್ರದ ಕೋಟು ತೊಡಿಸಲು ಅವಳೂ ತಮ್ಮನೂ ಪಟ್ಟ ಪಾಡು ಅಷ್ಟಿಷ್ಟಲ್ಲ. ಜೀವ ಹೋಗಿ ಹೊತ್ತಾದ ಮೇಲೆ ತೋಳು ಮಡಚುವುದಿಲ್ಲ, ಭುಜ ಬಗ್ಗುವುದಿಲ್ಲ. ಒಂದು ತೋಳು ಹೋದರೆ ಇನ್ನೊಂದು ಹೋಗದು. ತಮ್ಮ ಬೆವರಿ, "ಬಿಡೇ, ಮುರಿದೇ ಹೋಗುತ್ತೆ," ಎಂದು ಅಳುವಂತಾದ. ಕೊನೆಗೆ ಪುಟ್ಟಿಯೇ ಅಂಗಡಿಯಿಂದ ಕತ್ತರಿ ತಂದು, ಕೋಟಿನ ಬೆನ್ನಿನ ಹೊಲಿಗೆಯನ್ನು ಕಾಲರಿನಿಂದ ಕೆಳಗಿನವರೆಗೂ ಸೀಳಿ, ಎರಡು ಹೋಳುಗಳನ್ನು ಎರಡು ಕಡೆಯಿಂದ ಏರಿಸಿದಳು. ಈಗ ಮುಂದಿನಿಂದ ನೋಡಿದರೆ ಕ್ಯಾಪ್ಟನ್ ಅಚ್ಚುಕಟ್ಟು. ಹಿಂದೆ ಬರೀ ಸೀಳು.

"ನಿಮ್ಮಮ್ಮ ಆಗಲೇ ಗುರುತು ಹಿಡಿದಿದಾಳೆ," ಅತ್ತೆ ಮುಂದುವರಿಸಿದರು. "ಗುರುತು ಅಂದ್ರೆ, ಗುಮಾನಿ. ಹೋಗಿ ಕೇಳು ಯಾರು ಅಂತ. ಮೆತ್ತಗೆ ಕೇಳು. ಸೈನ್ಯದವರು ಬರೋದ್ರೊಳಗೆ ಮೆತ್ತಗೆ ಕಳಿಸು."

ಪೆಟ್ಟಿಗೆಯ ತಲೆಗಡೆ ಕುರ್ಚಿಯಲ್ಲಿ ಕುಳಿತಿದ್ದ ಅಮ್ಮ ಮಗಳತ್ತ ಕಣ್ಣೆತ್ತಿದಳು. ಆ ಕಣ್ಣಲ್ಲಿ ನೀರಿರಲಿಲ್ಲ.

"ಅವಳೇ," ಎಂದಳು ಅಮ್ಮ.

*

ಇಡೀ ಊರಿಗೆ ಅದು 'ಕ್ಯಾಪ್ಟನ್ ಅಂಗಡಿ'. ಬೋರ್ಡಿನ ಮೇಲೆ ಬೇರೇನೋ ಹೆಸರಿತ್ತು, ಅದನ್ನು ಓದಿದವರಿಲ್ಲ. ಕಾಲಿಗೆ ಗುಂಡೇಟು ಬಿದ್ದು ಸೈನ್ಯದಿಂದ ಹೊರಬಂದ ಮೇಲೆ ಅವರು ಹಾಕಿದ್ದು ಡ್ರೈಕ್ಲೀನಿಂಗ್ ಅಂಗಡಿ. ಶೌರ್ಯಪದಕ ಪಡೆದ ಮನುಷ್ಯ ಜನರ ಕೋಟಿನ ಕಾಲರು ಉಜ್ಜುವುದೇ ಎಂದು ಮೊದಮೊದಲು ನೆಂಟರು ಮೂಗು ಮುರಿದರು. ಆಮೇಲೆ ಅವರೇ ತಮ್ಮ ಕೋಟುಗಳನ್ನು ತಂದುಕೊಟ್ಟು, ನೆಂಟಸ್ತಿಕೆ ಹೇಳಿ, ಬೇಗ ಬೇಕು ಎಂದರು.

ಬಟ್ಟೆ ಯಂತ್ರದ ಡ್ರಮ್ಮಿಗೆ ಹೋಗುವ ಮೊದಲು ಜೇಬು ನೋಡುವುದು ಕ್ಯಾಪ್ಟನ್ನರೇ ಮಾಡುತ್ತಿದ್ದ ಕೆಲಸ. ಸಿನಿಮಾ ಟಿಕೆಟ್ಟು, ಬಾಚಣಿಗೆ, ಒಣಗಿದ ಹೂವು, ಯಾರದೋ ಕಿವಿಯ ಒಂದೇ ಓಲೆ, ಏನು ಸಿಕ್ಕರೂ ಲಕೋಟೆಗೆ ಹಾಕಿ ಅದೇ ಬಟ್ಟೆಗೆ ಚುಚ್ಚಿಡುವುದು. ಯಾರನ್ನೂ ಏನೂ ಕೇಳುವ ಹಾಗಿಲ್ಲ. ಊರಿನ ಅರ್ಧ ಜನರ ಜೇಬು ಅವರಿಗೆ ಗೊತ್ತಿತ್ತು. ಅವರ ಜೇಬಿನಲ್ಲೇನಿದೆ ಎಂಬುದು ಮಾತ್ರ ಹೆಂಡತಿಗೂ ಗೊತ್ತಿರಲಿಲ್ಲ.

ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ಅವರು ಪದಕವನ್ನು ಜೇಬಿಗೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಎಲ್ಲಿಗೋ ಹೋಗುತ್ತಿದ್ದರು. ಸಂಜೆಗೆ ಬರುತ್ತಿದ್ದರು. ಬಂದವರು ಊಟ ಬೇಡ ಎನ್ನುತ್ತಿದ್ದರು.

"ಊಟ ಅಲ್ಲೇ ಆಗಿರುತ್ತೆ," ಎನ್ನುತ್ತಿದ್ದಳು ಅಮ್ಮ, ಗೋಡೆಗೆ ಹೇಳುವಂತೆ.

ಅವರು ಮಲಗಿದ ಮೇಲೆ ಅಮ್ಮ ಕೋಟನ್ನು ಮೂಗಿಗೆ ಹಿಡಿದು ನೋಡುತ್ತಿದ್ದಳು. ಪುಟ್ಟಿ ಅದನ್ನು ಕಂಡಿದ್ದಾಳೆ. ಕೋಟಿಗೆ ಸೌದೆಹೊಗೆಯ ವಾಸನೆ ಬಿಟ್ಟರೆ ಬೇರೇನಿರಲಿಲ್ಲ. ಆದರೆ ಗುಮಾನಿ ಬಂದವರಿಗೆ ಹೊಗೆಯೇನು ಕಡಿಮೆಯೇ? ಯಾರದೋ ಒಲೆಯ ಮುಂದೆ ಕೂತು ಬಂದಿದ್ದಾರೆ ಎಂದು ಅಮ್ಮ ಲೆಕ್ಕ ಹಾಕಿದಳು. ಒಲೆ ಇದ್ದ ಮೇಲೆ ಅದನ್ನು ಹಚ್ಚುವವಳೂ ಇರಬೇಕಲ್ಲ.

ಒಮ್ಮೆ ಪುಟ್ಟಿ, ಆಗಿನ್ನೂ ಹುಡುಗಿ, ಆ ಕೋಟಿಗೆ ಇಸ್ತ್ರಿ ಹಾಕುತ್ತಾ ಕೇಳಿಯೇಬಿಟ್ಟಿದ್ದಳು. "ಎಲ್ಲಿಗೆ ಹೋಗ್ತೀಯಪ್ಪಾ?"

"ಹಾಜರಿ ಹಾಕೋಕೆ."

"ಸೈನ್ಯ ಬಿಟ್ಟ ಮೇಲೂ ಹಾಜರಿನಾ?"

ಅಪ್ಪ ನಕ್ಕರು. ನಕ್ಕು, ಇಸ್ತ್ರಿ ಪೆಟ್ಟಿಗೆಯನ್ನು ಅವಳ ಕೈಯಿಂದ ಕಿತ್ತುಕೊಂಡು, ಉಳಿದದ್ದನ್ನು ತಾವೇ ಮುಗಿಸಿದರು.

*

ಪುಟ್ಟಿ ಒಂದು ಲೋಟ ನೀರು ಹಿಡಿದು ಕೊನೆಯ ಕುರ್ಚಿಯ ಬಳಿ ಹೋದಳು. ಆಕೆಗೆ ಅಮ್ಮನಷ್ಟೇ ವಯಸ್ಸು. ಅಗಲ ಕೈ, ಬಿಸಿಲಿಗೆ ಕಂದಿದ ಮುಖ, ತೇದು ಹೋದ ಚಪ್ಪಲಿ. ಅಮ್ಮ ಇಷ್ಟು ವರ್ಷ ಮನಸ್ಸಿನಲ್ಲಿ ಸಾಕಿಕೊಂಡು ಬಂದ ಹೆಂಗಸು ಹೀಗಿರಲಿಲ್ಲ, ಅವಳಿಗೆ ಕನಿಷ್ಠ ಒಂದು ಸುಗಂಧವಾದರೂ ಇತ್ತು.

"ನೀವು ಪುಟ್ಟಿ," ಎಂದಳು ಆಕೆ, ನೀರು ತೆಗೆದುಕೊಳ್ಳುತ್ತಾ. "ಇಸ್ತ್ರಿ ಚೆನ್ನಾಗಿ ಹಾಕ್ತಾಳೆ ಅಂತ ಹೇಳೋರು."

ಪುಟ್ಟಿ ಪಕ್ಕದ ಕುರ್ಚಿಯಲ್ಲಿ ಕುಳಿತಳು. "ನೀವು ಯಾರು ಅಂತ ಗೊತ್ತಾಗ್ಲಿಲ್ಲ."

"ಪೇಪರಲ್ಲಿ ನೋಡಿ ಬಂದೆ." ಆಕೆ ಮೇಜಿನ ಮೇಲಿದ್ದ ಕಪ್ಪು ದಿಂಬಿನತ್ತ ಗದ್ದ ಚಾಚಿ ತೋರಿಸಿದಳು. ದಿಂಬಿನ ಮೇಲೆ ಪದಕ. "ಅದು ನಮ್ಮಣ್ಣಂದು."

"ಯಾವುದು?"

"ಪದಕ. ನಮ್ಮಣ್ಣ ನಿಮ್ಮಪ್ಪನ ಡ್ರೈವರ್ ಆಗಿದ್ದ. ಆ ಸೇತುವೆ ಹತ್ರ ಸತ್ತನಲ್ಲ, ಅವನು. ಸತ್ತ ಮೇಲೆ ಸರ್ಕಾರ ಅವನಿಗೆ ಪದಕ ಕೊಡ್ತು, ಅದು ಕಚೇರಿಲೇ ಇರ್ಬೇಕು, ವರ್ಷಕ್ಕೊಂದು ದಿನ ಮನೆಯವರಿಗೆ ತೋರಿಸೋಕೆ ಬಿಡ್ತಾರೆ ಅಂತ ಹೇಳಿ ನಿಮ್ಮಪ್ಪ ತರ್ತಿದ್ರು. ಅಮ್ಮನ ಮಡಿಲಲ್ಲಿಡೋರು. ಅಮ್ಮನಿಗೆ ಕಣ್ಣು ಕಾಣ್ತಿರ್ಲಿಲ್ಲ. ಸವರಿ ಸವರಿ ನೋಡೋಳು. ಅವಳು ಹೋದ ಮೇಲೂ ತರೋದು ನಿಲ್ಲಿಸ್ಲಿಲ್ಲ."

ಅಪ್ಪನಿಗೆ ಪದಕ ತಂದುಕೊಟ್ಟ ಸೇತುವೆಯ ಕಥೆ ಪುಟ್ಟಿಗೆ ಬಾಯಿಪಾಠ. ಅದರಲ್ಲಿ ಡ್ರೈವರ್ ಕೊನೆಯ ಸಾಲಿನಲ್ಲಿ ಮಾತ್ರ ಬರುತ್ತಿದ್ದ, ಅದೂ ಸತ್ತು.

ಹಿಂದಿನಿಂದ ತಮ್ಮ ಬಂದು ಮೊಣಕೈ ಹಿಡಿದೆಳೆದ. "ಯಾರಂತೆ? ಪದಕದ ಮೇಲೆ ಕಣ್ಣಿಟ್ಟಿದಾಳೆ ಅಂತ ಅತ್ತೆ ಹೇಳಿದ್ರು. ಇವತ್ತು ಅದು ಕಳೆದುಹೋದ್ರೆ ಮುಖ ಎತ್ತೋ ಹಾಗಿಲ್ಲ ನೋಡು. ನಗರಸಭೆಯೋರು ಬಂದಿದಾರೆ, ಬೀದಿಗೆ ಅಪ್ಪನ ಹೆಸರಿಡೋ ಮಾತು ಇವತ್ತೇ ಆಗುತ್ತೆ. ಮೈಕ್ ಬೇರೆ ಕೂಗ್ತಾ ಇದೆ."

"ಯಾರೂ ಕದಿಯಲ್ಲ, ಹೋಗು."

"ನಿಂಗೆ ಎಲ್ಲರೂ ಒಳ್ಳೆಯೋರೇ. ಗಿರಾಕಿಗಳು ಅಂದ್ಕೊಂಡಿದೀಯ."

*

ಅಂಗಳದಲ್ಲಿ ಸೌಟು ಸುಬೇದಾರ ಸುತ್ತ ಜನ ಕೂಡಿಸಿಕೊಂಡು ಸೇತುವೆಯ ಕಥೆಯನ್ನೇ ಹೇಳುತ್ತಿದ್ದ. ಸೈನ್ಯದಲ್ಲಿ ಅಡುಗೆಯವನಾಗಿದ್ದ ಅವನಿಗೆ ಆ ಬಿರುದು ಕೊಟ್ಟವರು ಕ್ಯಾಪ್ಟನ್ನರೇ. ಅವರು ಆ ಕಥೆಯನ್ನು ಎಂದೂ ಹೇಳಿದವರಲ್ಲ. ಕೇಳಿದರೆ, "ಮಂಜಿತ್ತಪ್ಪ. ಏನೂ ಕಾಣಲಿಲ್ಲ," ಎಂದು ಕಲೆ ಉಜ್ಜಲು ಕೂರುತ್ತಿದ್ದರು. ಅದಕ್ಕೇ ಹೇಳುವ ಹಕ್ಕು ತನ್ನದೇ ಎಂದು ಸುಬೇದಾರ ತಿಳಿದಿದ್ದ.

"ನಾನಿದ್ದಿದ್ದು ನದಿ ಈಚೆ, ಅಡುಗೆ ಲಾರೀಲಿ," ಎನ್ನುತ್ತಿದ್ದ. "ನಮ್ಮೋರೆಲ್ಲ ಸೇತುವೆ ಮೇಲೆ ವಾಪಸ್ ಓಡಿ ಬರ್ತಾ ಇದಾರೆ. ಆ ತುದೀಲಿ ಉಳಿದೋರು ಇಬ್ಬರೇ, ಕ್ಯಾಪ್ಟನ್ ಸಾಹೇಬ್ರು, ಅವರ ಡ್ರೈವರ್. ಮಂಜು ಅಂದ್ರೆ ಮಂಜು. ಅದರೊಳಗೆ ಆ ಉದ್ದ ಕೋಟು ನಿಂತಿದೆ, ಬಂದೂಕು ಹಿಡ್ಕೊಂಡು. ಕೊನೇ ಮನುಷ್ಯ ದಾಟೋವರೆಗೂ ಅಲ್ಲಾಡ್ಲಿಲ್ಲ."

"ಮುಖ ಕಾಣಿಸ್ತಾ, ಮಾಮ?" ಎಂದಳು ಪುಟ್ಟಿ. ಎಷ್ಟೋ ಸಲ ಕೇಳಿದ ಕಥೆಗೆ ಮೊದಲ ಬಾರಿಗೆ ಹಾಕಿದ ಪ್ರಶ್ನೆ ಅದು.

ಸುಬೇದಾರ ಅವಳನ್ನು ನೋಡಿದ. "ಮುಖ ಯಾಕೆ ಕಾಣ್ಬೇಕು? ಅಂಥ ಕೋಟು ಅಧಿಕಾರಿಗಳಿಗೆ ಮಾತ್ರ. ಅಲ್ಲಿದ್ದ ಅಧಿಕಾರಿ ಒಬ್ಬರೇ."

"ಆಮೇಲೆ?"

"ಆಮೇಲೆ ನಾವು ಹೋಗಿ ನೋಡಿದಾಗ ಮಧ್ಯಾಹ್ನ. ಸಾಹೇಬ್ರು ಸೇತುವೆ ಕೆಳಗೆ, ಕಾಲಿಗೆ ಏಟು, ಪ್ರಜ್ಞೆ ಇಲ್ಲ. ಡ್ರೈವರ್ ಮೇಲೆ, ಸತ್ತಿದ್ದ. ಅವನ ಮೈಮೇಲೆ ಸಾಹೇಬ್ರ ಕೋಟು." ಅವನು ಸುತ್ತ ನಿಂತವರತ್ತ ತಿರುಗಿದ. "ಸತ್ತ ಡ್ರೈವರಿಗೆ ತಮ್ಮ ಕೋಟು ತೊಡಿಸಿ ಹೋಗಿದಾರೆ. ಕಾಲಲ್ಲಿ ಗುಂಡು ಇಟ್ಕೊಂಡು. ಅಂಥ ಮನುಷ್ಯ."

ಕೇಳಿದವರು ಲೊಚಗುಟ್ಟಿದರು. ಪುಟ್ಟಿ ಮಾತ್ರ ಒಂದು ಹೆಜ್ಜೆ ಮುಂದೆ ಬಂದಳು.

"ಹೊದಿಸಿದ್ರಾ, ತೊಡಿಸಿದ್ರಾ?"

"ಅದೇನೋ ಒಂದು. ಕೋಟು ಅವನ ಮೈಮೇಲಿತ್ತು. ಏನಮ್ಮ, ಪೊಲೀಸ್ ಥರ ಕೇಳ್ತೀಯ?"

ಅವಳು ಒಳಗೆ ಬಂದು ನೇರ ಕೊನೆಯ ಕುರ್ಚಿಗೆ ಹೋದಳು. ಬಾಗಿ, ಆಕೆಗಷ್ಟೇ ಕೇಳುವಂತೆ ಕೇಳಿದಳು. "ನಿಮ್ಮಣ್ಣನ್ನ ಮನೆಗೆ ತಂದಾಗ ಕೋಟು ಇತ್ತಾ?"

"ಇತ್ತು. ಅದರ ಸಮೇತ ತಂದ್ರು. ಅದನ್ನ ಬಿಚ್ಚಿದ್ದು ನಾನೇ."

"ಹೆಗಲ ಮೇಲೆ ಹಾಕಿದ್ರಾ, ಇಲ್ಲಾ ತೋಳು…"

"ಎರಡೂ ತೋಳು ಹಾಕಿತ್ತು. ಕತ್ತಿನವರೆಗೆ ಗುಂಡಿ ಹಾಕಿತ್ತು."

"ಬೆನ್ನು ಸೀಳಿತ್ತಾ?"

"ಸೀಳೋದ್ಯಾಕೆ? ಒಂದು ಹೊಲಿಗೆ ಬಿಟ್ಟಿರ್ಲಿಲ್ಲ. ಎದೆ ಹತ್ರ ತೂತು, ಅಷ್ಟೆ. ನಾನೇ ಬಿಚ್ಚೋಕಾಗದೆ ಕತ್ತರಿಸಬೇಕಾಯ್ತು." ಆಕೆ ಪುಟ್ಟಿಯ ಮುಖವನ್ನೇ ನೋಡಿದಳು. "ಯಾಕಮ್ಮ ಕೇಳ್ತೀರಿ?"

ಯಾಕೆ ಎಂದು ಹೇಗೆ ಹೇಳುವುದು. ಒಬ್ಬ ಗಟ್ಟಿಮುಟ್ಟಾದ ತಮ್ಮನ ಸಹಾಯವಿದ್ದೂ ಬೆಳಗ್ಗೆ ತನ್ನಿಂದಾಗದ ಕೆಲಸವನ್ನು, ಕಾಲಿಗೆ ಏಟು ಬಿದ್ದ ಮನುಷ್ಯನೊಬ್ಬ, ಒಬ್ಬನೇ, ಗುಂಡಿನ ನಡುವೆ, ಸತ್ತವನ ಮೇಲೆ ಮಾಡಿ ಮುಗಿಸಿ, ಕತ್ತಿನವರೆಗೆ ಗುಂಡಿಯನ್ನೂ ಹಾಕಿದ ಎಂದರೆ ನಂಬಬಹುದೇ? ಸತ್ತ ಮೇಲೆ ತೊಡಿಸಿದ್ದರೆ ಎದೆಯ ತೂತು ಕೋಟಿಗೆ ಹೇಗೆ ಬಂತು? ಆ ಕೋಟನ್ನು ಯಾರೂ ತೊಡಿಸಿರಲಿಲ್ಲ. ಡ್ರೈವರ್ ತಾನೇ ತೊಟ್ಟಿದ್ದ, ಬದುಕಿದ್ದಾಗಲೇ. ಮಂಜಿನಲ್ಲಿ ನಿಂತಿದ್ದ ಕೋಟಿನೊಳಗೆ ಅಪ್ಪನಿರಲಿಲ್ಲ.

ಗೋಡೆಯ ಆಚೆ ವಾಹನ ನಿಂತ ಸದ್ದಾಯಿತು. ಬೂಟುಗಳ ಸದ್ದು. ತಮ್ಮ ಮೈಕಿನಲ್ಲಿ ಒಂದು, ಎರಡು ಎಂದು ಎಣಿಸಿದ.

*

ಅಮ್ಮ ಪುಟ್ಟಿಯನ್ನು ಹತ್ತಿರ ಕರೆದು ಕೈ ಬಿಗಿಯಾಗಿ ಹಿಡಿದಳು. "ಅವಳೇ ತಾನೆ?"

"ನೀನಂದುಕೊಂಡ ಹಾಗಲ್ಲಮ್ಮ."

"ಮತ್ತೆ ಹೇಗೆ?"

ಅಪ್ಪನಿಗೆ ಇನ್ನೊಬ್ಬಳಿದ್ದಿದ್ದರೇ ವಾಸಿಯಿತ್ತು ಎನಿಸಿತು ಪುಟ್ಟಿಗೆ. ಅದನ್ನಾದರೆ ಅಮ್ಮ ಅರ್ಧ ಆಯಸ್ಸು ಅರಗಿಸಿಕೊಂಡಿದ್ದಾಳೆ. ಇದನ್ನು ಈ ವಯಸ್ಸಿನಲ್ಲಿ ಹೊಸದಾಗಿ ಶುರುಮಾಡಬೇಕು.

"ಆಮೇಲೆ ಹೇಳ್ತೀನಿ."

"ಆಮೇಲೆ ಆಮೇಲೆ ಅಂತಾನೇ ನಿಮ್ಮಪ್ಪ ಹೋದ್ರು," ಎಂದು ಅಮ್ಮ ಕೈ ಬಿಟ್ಟಳು.

ಗೌರವ ಸಲ್ಲಿಸಲು ಬಂದಿದ್ದ ಅಧಿಕಾರಿ ತೀರ ಎಳೆಯ. ಕಿವಿಯ ಹಿಂದೆ ಕ್ಷೌರದ ಗೀರು ಇನ್ನೂ ಕೆಂಪಗಿತ್ತು. ಪುಟ್ಟಿ ಅವನನ್ನು ಬಾಗಿಲ ಮರೆಗೆ ಕರೆದಳು.

"ಪದಕಕ್ಕೆ ಕಾರಣ ಏನು ಅಂತ ಓದ್ತೀರಲ್ಲ, ಅದನ್ನ ಇವತ್ತು ಬಿಡೋಕಾಗುತ್ತಾ?"

"ಬಿಡೋದಾ?" ಅವನಿಗೆ ತಾನು ಕೇಳಿದ್ದು ಸರಿಯೇ ಎಂಬ ಅನುಮಾನ ಬಂತು. "ಅದಿಲ್ಲದೆ ಗೌರವವೇ ಇಲ್ಲ ಮೇಡಂ. ಹೆಸರು ಹೇಳ್ಬೇಕು, ಮಾಡಿದ್ದು ಹೇಳ್ಬೇಕು, ಆಮೇಲೆ ಕಹಳೆ. ಅದೇ ಪದ್ಧತಿ. ಏನಾದ್ರೂ ತೊಂದರೆ ಇದೆಯಾ?"

ಇದೆ ಎಂದರೆ ಏನು ತೊಂದರೆ ಎಂದು ಹೇಳಬೇಕು. ಅಂಗಳದ ತುಂಬ ಜನ. ಬೀದಿಗೆ ಹೆಸರಿಡಲು ಬಂದವರು. ಅಮ್ಮ.

"ಏನಿಲ್ಲ," ಎಂದಳು ಪುಟ್ಟಿ.

ಅವಳು ಕೊನೆಯ ಕುರ್ಚಿಗೆ ಹೋಗಿ, "ಬನ್ನಿ, ಒಂದು ನಿಮಿಷ, ಅಂಗಡಿ ತೋರಿಸ್ತೀನಿ," ಎಂದು ಆಕೆಯನ್ನು ಎಬ್ಬಿಸಿದಳು. ಸಾವಿನ ಮನೆಯಲ್ಲಿ ಅಂಗಡಿ ತೋರಿಸುವುದೇನು ಎಂದು ಅತ್ತೆ ಹುಬ್ಬೇರಿಸಿದ್ದು ಕಾಣಿಸಿತು. ಹಿತ್ತಿಲ ಬಾಗಿಲು ದಾಟಿ, ಸಾಲುಸಾಲು ತೂಗುಹಾಕಿದ ಬಟ್ಟೆಗಳನ್ನು ಸರಿಸುತ್ತಾ ಇಬ್ಬರೂ ಒಳಗೆ ಬಂದರು. ಧ್ವನಿವರ್ಧಕ ಇಲ್ಲಿಗೂ ಕೇಳಿಸುತ್ತಿತ್ತು. ಎಳೆಯ ದನಿ ಗಂಟಲು ಸರಿಮಾಡಿಕೊಂಡು ಅಪ್ಪನ ಹುದ್ದೆ ಹೇಳಿತು. ಹೆಸರು ಬರುವಷ್ಟರಲ್ಲಿ ಪುಟ್ಟಿ ಕೈ ಚಾಚಿ ದೊಡ್ಡ ಡ್ರಮ್ಮಿನ ಗುಂಡಿ ಒತ್ತಿಬಿಟ್ಟಳು.

ಖಾಲಿ ಡ್ರಮ್ಮು ಗಡಗಡನೆ ತಿರುಗತೊಡಗಿತು. ಗೋಡೆ ನಡುಗಿತು, ತೂಗುಹಾಕಿದ ಅಂಗಿಗಳ ತೋಳುಗಳು ಅಲ್ಲಾಡಿದವು.

"ಇದು ಅಪ್ಪ ತಂದ ಮೊದಲನೇ ಯಂತ್ರ," ಎಂದು ಪುಟ್ಟಿ ಕೂಗಿ ಹೇಳಿದಳು. "ಎಷ್ಟು ಸದ್ದು ಮಾಡುತ್ತೆ ನೋಡಿ."

ಆಕೆ ನೋಡಿದಳು. ಡ್ರಮ್ಮಿನ ಗಾಜಿನೊಳಗೆ ಬಗ್ಗಿ ನೋಡಿದಳು.

"ಒಳಗೆ ಏನೂ ಇಲ್ವಲ್ಲಮ್ಮ."

ಪುಟ್ಟಿಯ ಕೈ ಇನ್ನೂ ಗುಂಡಿಯ ಮೇಲೇ ಇತ್ತು.

"ನಿಲ್ಲಿಸಿ. ಓದೋದನ್ನ ಕೇಳ್ಬೇಕು ಅಂತಾನೇ ಬಂದಿದೀನಿ."

"ಬೇಡ," ಎಂದಳು ಪುಟ್ಟಿ. "ಅದರಲ್ಲಿ ನಿಮ್ಮಣ್ಣನ ಹೆಸರು…"

"ಇರಲ್ಲ. ಗೊತ್ತು." ಆಕೆ ಶಾಲನ್ನು ಹೆಗಲಿಗೆಳೆದುಕೊಂಡಳು. "ಪದಕದ ಅಂಚಿನಲ್ಲಿ ಹೆಸರು ಕೆತ್ತಿರ್ತಾರೆ. ಕಣ್ಣು ಕಾಣದೆ ಇದ್ದಿದ್ದು ಅಮ್ಮನಿಗೆ, ನಂಗಲ್ಲ. ನಾನು ಮೊದಲನೇ ವರ್ಷವೇ ಓದಿದೆ."

"ಮತ್ತೆ ಸುಮ್ಮನೆ ಯಾಕಿದ್ರಿ?"

"ಅಮ್ಮನಿಗೋಸ್ಕರ ಅಂತ ಹೇಳಿದ್ರೆ ನೀವು ನಂಬ್ತೀರಿ. ಅದು ಅರ್ಧ." ಆಕೆ ಮಾತು ಹುಡುಕಿದಳು. "ಗೊತ್ತು ಅಂದುಬಿಟ್ಟಿದ್ರೆ ಅತ್ತು, ಕೈಮುಗಿದು, ಹಗುರ ಆಗಿ ಹೋಗೋರು. ಇನ್ನೊಂದ್ಸಲ ಬರ್ತಿರ್ಲಿಲ್ಲ. ಬರ್ಲಿ, ಪ್ರತಿ ವರ್ಷ ಬಂದು ನನ್ನ ಎದುರು ಕೂತು ನಮ್ಮಣ್ಣ ಮಾಡಿದ್ದನ್ನ ಬಾಯಿಬಿಟ್ಟು ಹೇಳ್ಲಿ ಅಂತ ಬಿಟ್ಟೆ. ಹೇಳೋರು. ತಪ್ಪಿಸ್ಲಿಲ್ಲ ಒಂದು ವರ್ಷಾನೂ. ಜ್ವರದಲ್ಲಿ ನಡುಗ್ತಿದ್ದ, ಕೋಟು ಕೊಟ್ಟೆ ಅನ್ನೋರು. ಮುಂದಿನದನ್ನ ನುಂಗಿ ನುಂಗಿ ಹೇಳೋರು. ಪೂರ್ತಿ ಒಂದ್ಸಲವೂ ಹೇಳ್ಲಿಲ್ಲ." ಆಕೆ ಡ್ರಮ್ಮಿನ ಕಡೆ ಕೈ ತೋರಿಸಿದಳು. "ನಿಲ್ಲಿಸಮ್ಮ. ಮುಗಿದುಹೋಗುತ್ತೆ."

ಪುಟ್ಟಿ ಗುಂಡಿ ಒತ್ತಿದಳು. ಡ್ರಮ್ಮು ನಿಧಾನವಾಗಿ, ಇಷ್ಟವಿಲ್ಲದಂತೆ ನಿಂತಿತು. ಹೊರಗಿನ ದನಿ ತುಂಡು ತುಂಡಾಗಿ, ಆಮೇಲೆ ಸ್ಪಷ್ಟವಾಗಿ ಒಳಗೆ ಬಂತು.

"…ದಟ್ಟ ಮಂಜಿನಲ್ಲಿ, ಸೇತುವೆಯ ತುದಿಯಲ್ಲಿ ಏಕಾಂಗಿಯಾಗಿ ನಿಂತು, ಗುಂಡು ತಗುಲಿ ನೆಲಕ್ಕೆ ಬಿದ್ದರೂ ಮತ್ತೆ ಎದ್ದು ನಿಂತು, ತಮ್ಮ ತುಕಡಿಯ ಕಟ್ಟಕಡೆಯ ಸೈನಿಕನು ದಾಟುವವರೆಗೂ ಸ್ಥಳ ಬಿಟ್ಟು ಕದಲಲಿಲ್ಲ. ಅವರ ಈ ಅಸಾಧಾರಣ ಶೌರ್ಯದಿಂದಾಗಿ…"

ಆಕೆ ಗೋಡೆಗೆ ಒಂದು ಅಂಗೈ ಊರಿ, ತಲೆ ತಗ್ಗಿಸಿ ಕೇಳಿದಳು. ಪುಟ್ಟಿ ಯಾರದೋ ಕೋಟಿನ ತೋಳನ್ನು ಹಿಡಿದುಕೊಂಡು ನಿಂತಿದ್ದಳು. ಓದುವುದು ಮುಗಿದು ಕಹಳೆ ಮೊಳಗಿತು. ಕಹಳೆಯೂ ನಿಂತಿತು.

"ಬಿದ್ದು ಮತ್ತೆ ಎದ್ದ ಅನ್ನೋದು ನಂಗೆ ಗೊತ್ತಿರ್ಲಿಲ್ಲ," ಎಂದಳು ಆಕೆ. "ನಿಮ್ಮಪ್ಪ ಅದನ್ನ ಹೇಳಿರ್ಲಿಲ್ಲ." ಗೋಡೆಯಿಂದ ಅಂಗೈ ತೆಗೆದು, "ಹೆಸರೊಂದು ಬಿಟ್ರೆ ಉಳಿದಿದ್ದೆಲ್ಲ ಸರಿಯಾಗಿದೆ."

"ಅಪ್ಪನಿಗೆ ಇದೆಲ್ಲ ಬೇಡ ಅನ್ನೋಕೆ ಆಗ್ತಿತ್ತು," ಎಂದಳು ಪುಟ್ಟಿ. ಅವಳ ದನಿ ಗಡುಸಾಗಿತ್ತು. "ಒಂದು ಮಾತು. ಯಾರ ಹತ್ರಾನಾದ್ರೂ."

"ಆಗ್ತಿತ್ತು," ಎಂದಳು ಆಕೆ.

"ಪುಟ್ಟಿ," ಎಂದು ಹೊರಗಿನಿಂದ ತಮ್ಮ ಕರೆದ. ಬಾಗಿಲಲ್ಲಿ ಅವನ ತಲೆ ಕಾಣಿಸಿತು. ಇಬ್ಬರನ್ನೂ ಒಮ್ಮೆಲೇ ಅಳೆದ. "ಇಲ್ಲೇನು ಮಾಡ್ತಿದೀರಿ? ಪದಕ ಮನೆಯವರ ಕೈಗೆ ಕೊಡ್ಬೇಕಂತೆ. ಅಮ್ಮ ಎದ್ದೇಳಲ್ಲ ಅಂತಾಳೆ, ನೀನೇ ತಗೋಬೇಕಂತೆ. ಎಲ್ಲರೂ ಕಾಯ್ತಿದಾರೆ. ಡ್ರಮ್ಮು ಬೇರೆ ಹಾಕಿದ್ಯಲ್ಲ, ಬುದ್ಧಿ ಇದೆಯಾ?"

"ಬರ್ತೀನಿ," ಎಂದಳು ಪುಟ್ಟಿ. ಆಕೆಯ ಕೈ ಹಿಡಿದುಕೊಂಡಳು.

ಹಿಡಿದ ಕೈ ಬಿಡದೆಯೇ ಅವಳು ಅಂಗಳಕ್ಕೆ ಬಂದಳು. ಜನ ದಾರಿ ಬಿಟ್ಟರು, ಬಿಡುತ್ತಲೇ ಪಿಸುಗುಟ್ಟಿದರು. ಅತ್ತೆ ಅಮ್ಮನ ಕಿವಿಗೆ ಬಾಗಿದರು. ಅಮ್ಮ ಕೈಯೆತ್ತಿ ಅವರನ್ನು ತಡೆದು, ಬರುತ್ತಿದ್ದ ಇಬ್ಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಳೆಯ ಅಧಿಕಾರಿ ದಿಂಬನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದು ನಿಂತ. ಎದುರಿಗೆ ಇಬ್ಬರು ಹೆಂಗಸರು. ಅವನ ಕಣ್ಣು ಒಬ್ಬರಿಂದೊಬ್ಬರಿಗೆ ಹೋಯಿತು.

"ಮನೆಯವರು ಯಾರು, ಮೇಡಂ?"

ಪುಟ್ಟಿ ಆಕೆಯ ಕೈ ಬಿಟ್ಟು, ತನ್ನ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

"ಇವರು," ಎಂದಳು.

"ಅಕ್ಕಾ," ಎಂದ ತಮ್ಮ, ಮೈಕಿನ ಹತ್ತಿರ ನಿಂತು. ಅದು ಧ್ವನಿವರ್ಧಕದಲ್ಲಿ ಬೀದಿಯವರೆಗೂ ಕೇಳಿಸಿತು.

ಆಕೆ ಅಂಗೈ ಎರಡನ್ನೂ ಶಾಲಿಗೆ ಒರೆಸಿಕೊಂಡಳು. ತಿರುಗಿಸಿ ನೋಡಿಕೊಂಡಳು. ಸಾಲದೆನಿಸಿತೋ ಏನೋ, ಮತ್ತೊಮ್ಮೆ, ಬೆರಳು ಬೆರಳಾಗಿ ಒರೆಸತೊಡಗಿದಳು. ಅಧಿಕಾರಿ ದಿಂಬನ್ನು ಚಾಚಿಕೊಂಡೇ ನಿಂತಿದ್ದ.